ತಿಪ್ಪವ್ವ ತೊಟ್ಟಿಲಿಗೆ ಬಾಗಿದ್ದು

ಬಿಟಿಎಂ ಲೇಔಟಿನಲ್ಲಿರುವ ದಾನಮ್ಮನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಂಗಸಿನ ಹೆಸರು ತಿಪ್ಪವ್ವ. ಕೇಳಿ ನಗು ಬಂದವರು ಈಗಲೇ ನಕ್ಕು ಮುಗಿಸಿಬಿಡಿ. ಮುಂದೆ ಇನ್ನೊಂದು ಹೆಸರು ಬರುವುದಿದೆ, ಅದರ ಪಾಲಿಗೂ ಒಂದಿಷ್ಟು ನಗು ಉಳಿಸಿಕೊಂಡರೆ ಒಳ್ಳೆಯದು.

ಮುದ್ದೇಬಿಹಾಳದ ಕಡೆಯ ಹಳ್ಳಿಯಲ್ಲಿ ಇದ್ದಷ್ಟು ದಿನ ಈ ಹೆಸರಿನಿಂದ ಆಕೆಗೆ ಅಂಥ ತೊಂದರೆಯೇನೂ ಆಗಿರಲಿಲ್ಲ. ಅಲ್ಲಿ ಓಣಿಗೊಬ್ಬ ತಿಪ್ಪಣ್ಣ, ಮನೆಗೊಬ್ಬ ಕಲ್ಲವ್ವ. ಗಂಡ ಹನಮಂತನಿಗೆ ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದಳಲ್ಲ, ಆಗ ಶುರುವಾಯಿತು ನೋಡಿ. ಬ್ಯಾಂಕಿನಲ್ಲಿ ಪಾಸ್‌ಬುಕ್ ಮಾಡುವ ಹುಡುಗ ಮೂರು ಸಲ ಕೇಳಿ, ನಾಲ್ಕನೆಯ ಸಲ ಪಕ್ಕದವನನ್ನು ಕರೆದು ಅವನಿಗೂ ಕೇಳಿಸಿದ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಮ್ಮ ಈ ಹೆಸರು ಕೂಗಿದಾಗ ಜ್ವರ ಬಂದು ಮುದುಡಿ ಕೂತಿದ್ದವರೂ ಎದ್ದು ಕತ್ತು ಉದ್ದ ಮಾಡಿದರು. ಬೆಳಿಗ್ಗೆ ಕಸದ ಆಟೋ ಬಂದು ಹಾಡು ಹಾಕಿದರೆ ಮೇಲಿನ ಪಿಜಿಯ ಹುಡುಗಿಯರು ಬಾಲ್ಕನಿಯಿಂದ ಬಗ್ಗಿ, ಆಂಟಿ ನಿಮ್ಮ ನೆಂಟರು ಬಂದ್ರು ಅನ್ನುತ್ತಿದ್ದರು. ಅಲ್ಲ, ಆ ಹುಡುಗಿಯರ ರೂಮಿನ ಕಸ ಎಂಟು ದಿನಕ್ಕೊಮ್ಮೆ ಕೆಳಗಿಳಿಯುತ್ತಿತ್ತು, ನಗುವುದಕ್ಕೆ ಮಾತ್ರ ದಿನಾ ಎದ್ದು ಬರುತ್ತಿದ್ದರು. ಹೋಗಲಿ ಬಿಡಿ.

ಒಮ್ಮೆ ಖಾನಾವಳಿಯ ಒಡತಿ ದಾನಮ್ಮನೇ ಮುಂದೆ ನಿಂತು, ಇಷ್ಟೆಲ್ಲ ಯಾಕೆ ಸಹಿಸಬೇಕು, ಬೇರೆ ಹೆಸರಿಟ್ಟುಕೋ ಅಂತ ದೀಪಾ ಅನ್ನುವ ಹೆಸರು ಆರಿಸಿಕೊಟ್ಟಳು. ತಿಪ್ಪವ್ವ ಸರಿ ಅಂದಳು. ಆ ವಾರವಿಡೀ ಖಾನಾವಳಿಯಲ್ಲಿ ಜನ ದೀಪಕ್ಕ, ದೀಪಕ್ಕ ಎಂದು ಗಂಟಲು ಹರಿದುಕೊಂಡರು, ಈಕೆ ತಿರುಗಿಯೂ ನೋಡಲಿಲ್ಲ. ಯಾವುದೋ ದೀಪಕ್ಕನನ್ನು ಕರೆಯುತ್ತಿದ್ದಾರೆ, ಆ ಹೆಂಗಸಿಗೆ ಕಿವಿ ಮಂದ ಇರಬೇಕು ಅಂತ ಆಕೆಗೆ ಮರುಕವೂ ಬಂತಂತೆ. ರೊಟ್ಟಿ ಸಿಗದೆ ಗಿರಾಕಿಗಳು ಎದ್ದು ಹೋಗತೊಡಗಿದ ಮೇಲೆ ದಾನಮ್ಮ ತಾನೇ ಸೋತು ತಿಪ್ಪವ್ವಾ ಅಂದಳು. ಕೂಡಲೇ ಒಲೆಯ ಕಡೆಯಿಂದ ಓ ಬಂತು.

ನಗುವವರ ಮೇಲೆ ಆಕೆಗೆ ಸಿಟ್ಟಿರಲಿಲ್ಲ. ನಿಮ್ಮಪ್ಪ ಅಮ್ಮನಿಗೆ ನೀವು ಬೇಡವಾಗಿದ್ರಾ ಅಂತ ಕೇಳಿದವರಿಗೂ ಒಂದು ರೊಟ್ಟಿ ಹೆಚ್ಚಿಗೆ ಹಾಕಿದ್ದಾಳೆ. ಆದರೆ ಒಂದು ವಿಷಯ ಮಾತ್ರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಅವರ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ. ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ ಕುರ್ರ್ ಅಂತ ಮೂರು ಸಲ ಅಂದು, ಹೆಸರು ಹೇಳಬೇಕು. ಆಕೆ ಬಾಗಿದ ತಕ್ಷಣ ಸುತ್ತ ನಿಂತ ಹೆಂಗಸರು ಬೆನ್ನಿಗೆ ದಬದಬ ಗುದ್ದಬೇಕು. ಸೋದರತ್ತೆಯ ಬಾಯಿಂದ ಬಂದದ್ದೇ ಹೆಸರು, ಅಪ್ಪ ಅಮ್ಮ ಆಮೇಲೆ ಏನಂದರೂ ನಡೆಯುವುದಿಲ್ಲ. ತಿಪ್ಪವ್ವನಿಗೆ ಮೂವರು ತಮ್ಮಂದಿರು. ಊರಲ್ಲಿರುವ ಇಬ್ಬರಿಗೆ ನಾಲ್ಕು ಮಕ್ಕಳು. ಆ ನಾಲ್ಕು ತೊಟ್ಟಿಲಿಗೂ ಬಾಗಿದವಳು ಚಿಕ್ಕಪ್ಪನ ಮಗಳು ಪಾರವ್ವ. ಎಳೆಗೂಸಿನ ಕಿವಿಗೆ ಮೊದಲ ಮಾತು ಹೇಳುವವಳ ಹೆಸರೂ ನೆಟ್ಟಗಿರಬೇಕು ಅಂತ ಯಾರೋ ಹಿರಿಯರು ಅಂದರಂತೆ. ಈ ಹೆಸರನ್ನು ಆಕೆ ತಾನೇ ಹುಡುಕಿ ಇಟ್ಟುಕೊಂಡಿದ್ದಳೇನು? ಇಟ್ಟವರೇ ಬೇಡ ಅಂದರೆ ಯಾರ ಹತ್ತಿರ ಹೇಳಿಕೊಳ್ಳುವುದು? ನಾಲ್ಕು ಸಲವೂ ತಿಪ್ಪವ್ವ ಗುಗ್ಗರಿ ಹಂಚುವ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಉಳಿದವನು ಕೊನೆಯ ತಮ್ಮ ಬಸವಂತ. ಔಷಧಿ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ, ಜೆ.ಪಿ. ನಗರದಲ್ಲಿ ಬಾಡಿಗೆ ಫ್ಲ್ಯಾಟು. ಹೆಂಡತಿ ಲಿಖಿತಾ ಇಲ್ಲೇ ಬೆಂಗಳೂರಿನ ಯಡಿಯೂರಿನ ಹುಡುಗಿ. ಎರಡು ಸಲ ಬಸಿರು ನಿಲ್ಲದೆ, ಮೂರನೆಯ ಸಲ ಡಾಕ್ಟರು ನಾಲ್ಕು ತಿಂಗಳು ಹಾಸಿಗೆ ಬಿಟ್ಟು ಏಳಬೇಡ ಅಂದಿದ್ದರು. ಆಕೆ ಮಲಗಿದಲ್ಲೇ ಮೂರು ನೋಟ್‌ಬುಕ್ ತುಂಬ ಹೆಸರು ಬರೆದಳು. ಇದ್ದ ಹೆಸರು ಯಾವುದೂ ಸಾಲದೆ ತಾನೇ ಒಂದು ಕಟ್ಟಿದಳು. ಹೃದಯದಿಂದ ತಲೆ, ಅಕ್ಷಯದಿಂದ ಹೊಟ್ಟೆ, ತೇಜಸ್ವಿಯಿಂದ ಬಾಲ ತೆಗೆದುಕೊಂಡಳು. ಜಯನಗರದ ಸಂಖ್ಯಾಶಾಸ್ತ್ರದವರು ಕೊನೆಯಲ್ಲಿ ಇನ್ನೂ ಒಂಚೂರು ಎಳೆದರೆ ಆಯಸ್ಸು ಗಟ್ಟಿ ಅಂದರು, ಎಳೆದಳು. ಎಲ್ಲ ಸೇರಿ ಹೆಸರು ಹ್ರಾಕ್ಷ್ವೀ ಎಂದಾಯಿತು.

ಹೆಣ್ಣು ಕೂಸು ಹುಟ್ಟಿತು, ಗುಂಡಗೆ, ಆರೋಗ್ಯವಾಗಿ. ತಿಪ್ಪವ್ವ ಮಾರನೆಯ ದಿನವೇ ಜೋಳದ ಹಿಟ್ಟಿನ ಕೈಯಲ್ಲೇ ಆಸ್ಪತ್ರೆಗೆ ಓಡಿದಳು. ಈ ತೊಟ್ಟಿಲಿಗಾದರೂ ನಾನೇ ಬಾಗಬೇಕು ಅಂತ ತಮ್ಮನ ಹತ್ತಿರ ಬಾಯಿಬಿಟ್ಟು ಕೇಳಿಕೊಂಡಳು. ಬಸವಂತ ಹೂಂ ಅಂದ. ಆದರೆ ಕಾರ್ಯ ಮಾಡುವವರು ಹೆಂಡತಿಯ ತವರಿನವರು, ಖರ್ಚೂ ಅವರದೇ. ಅತ್ತೆ ಸಿದ್ದಗಂಗಮ್ಮನನ್ನು ಒಂದು ಮಾತು ಕೇಳಬೇಕಿತ್ತು. ಕೂಸು ಫ್ಲ್ಯಾಟಿಗೆ ಬಂದ ದಿನ ಕೇಳಿದರು.

ಸಿದ್ದಗಂಗಮ್ಮ ಕೆಟ್ಟ ಹೆಂಗಸಲ್ಲ. ಎಲ್ಲ ಅಚ್ಚುಕಟ್ಟಾಗಿ ಆಗಬೇಕು, ನಾಲ್ಕು ಜನ ಆಡಿಕೊಳ್ಳಬಾರದು ಅನ್ನುವುದೊಂದೇ ಆಕೆಯ ಕಾಯಿಲೆ. ವಿಡಿಯೋದವರು ಬರುತ್ತಾರೆ, ಮೈಕ್ ಹಿಡಿಯುತ್ತಾರೆ, ಅಷ್ಟು ಜನರ ಮುಂದೆ ಹೆಸರು ತೊದಲಿದರೆ ಚೆನ್ನಾಗಿರಲ್ಲ, ಒಂದು ಸಲ ಹೇಳಿ ನೋಡೋಣ ಅಂದಳು. ತಿಪ್ಪವ್ವ ಸೆರಗು ಸರಿಮಾಡಿಕೊಂಡು, ದೇವರನ್ನು ನೆನೆದು, ಜೋರಾಗಿ ರಾಕ್ಸೀ ಅಂದಳು. ಎದುರು ಫ್ಲ್ಯಾಟಿನ ನಾಯಿ ಕೊರಳ ಪಟ್ಟಿ ಎಳೆದುಕೊಂಡು ಓಡಿಬಂದು ಬಾಗಿಲಲ್ಲಿ ಕೂತಿತು. ಅದರ ಹೆಸರು ಅದೇ. ನಾಯಿಗೆ ಬಿಸ್ಕತ್ತು ಕೊಟ್ಟು ಕಳಿಸುವಷ್ಟರಲ್ಲಿ ಸಿದ್ದಗಂಗಮ್ಮ ತೀರ್ಮಾನ ಹೇಳಿದಳು. ಇನ್ನು ಎಂಟು ದಿನ ಇದೆ, ಶನಿವಾರ ಫೋನ್ ಮಾಡಿ ಕೇಳುತ್ತೇನೆ. ಬಂದರೆ ಸರಿ, ಬಾರದಿದ್ದರೆ ಹುಬ್ಬಳ್ಳಿಯಿಂದ ಪಾರವ್ವ ಹೇಗೂ ಬರುತ್ತಾಳಲ್ಲ, ಅವಳು ಹೇಳಲಿ.

ಮತ್ತೆ ಪಾರವ್ವ! ತಿಪ್ಪವ್ವ ಅವತ್ತು ಬಸ್ಸಿನಲ್ಲಿ ಅಳುತ್ತ ಬಂದಳು. ಕಂಡಕ್ಟರು ಟಿಕೆಟ್ ಕಳೆದುಹೋಯಿತೇನಮ್ಮ ಅಂತ ಕೇಳಿದ. ಅದಕ್ಕೂ ಆಕೆ ಮೂಗೊರೆಸಿಕೊಂಡು, ಹಾ... ಹಾರಾ... ಅಂತ ಏನೋ ಅಂದಳು. ಕಂಡಕ್ಟರು ಹಿಂದಿನ ಸೀಟಿಗೆ ಹೋದ.

ಮಾರನೆಯ ದಿನದಿಂದ ಖಾನಾವಳಿಯೇ ಶಾಲೆಯಾಯಿತು. ಪಕ್ಕದ ಬೀದಿಯ ಹುಡುಗರ ಪಿಜಿಯಲ್ಲಿರುವ ವಿಶ್ರುತ್ ಎಂಬವನು, ದಿನಾ ಎರಡು ಹೊತ್ತೂ ಅಲ್ಲೇ ಊಟ ಮಾಡುವವನು, ಹೆಸರನ್ನು ಎರಡು ತುಂಡು ಮಾಡಿಕೊಟ್ಟ. ಎಡಗೈ ತಟ್ಟಿದಾಗ ಹ್ರಾಕ್, ಬಲಗೈ ತಟ್ಟಿದಾಗ ಷ್ವೀ. ಹಿಟ್ಟಿನ ಮೇಲೆ ಅಂಗೈ ಬೀಳುತ್ತಿದ್ದ ಹಾಗೆ ತಿಪ್ಪವ್ವ ಹೇಳಿಕೊಳ್ಳುತ್ತ ಹೋದಳು. ಮೊದಲ ದಿನ ಉಗುಳು ಹಾರಿ ರೊಟ್ಟಿಗೆ ಬೀಳುತ್ತದೆಂದು ದಾನಮ್ಮ ಆಕೆಯ ಬಾಯಿಗೆ ಟವೆಲ್ ಕಟ್ಟಿಸಿದಳು. ಎರಡನೆಯ ದಿನ ಉಣ್ಣಲು ಬಂದವರೂ ಸೇರಿಕೊಂಡರು. ಬೈಕಿನಲ್ಲಿ ಊಟ ಒಯ್ಯುವ ಹುಡುಗರು ಹೆಲ್ಮೆಟ್ಟಿನೊಳಗಿಂದಲೇ ಹ್ರಾಕ್ ಅಂದರೆ ಕ್ಯಾಶಿನಲ್ಲಿ ಕೂತ ದಾನಮ್ಮ ಷ್ವೀ ಅನ್ನುತ್ತಿದ್ದಳು. ಮೂರನೆಯ ದಿನ ಹೊಸ ಗಿರಾಕಿಯೊಬ್ಬ ಬಂದು, ಸುತ್ತ ಎಲ್ಲರೂ ಅದನ್ನೇ ಅನ್ನುವುದನ್ನು ಕಂಡು, ನನಗೂ ಅದೇ ಒಂದು ಪ್ಲೇಟ್ ಕೊಡಿ ಅಂದ. ದಾನಮ್ಮ ಮುಖ ಗಂಟಿಕ್ಕದೆ ಎಣ್ಣೆಗಾಯಿ ಬಡಿಸಿದಳು. ಉಂಡು ಸಂತೋಷಪಟ್ಟು, ಹೆಸರನ್ನು ಮೊಬೈಲಿನಲ್ಲಿ ಬರೆದುಕೊಂಡು ಹೋದ. ಅವನು ಈಗಲೂ ವಾರಕ್ಕೊಮ್ಮೆ ಬಂದು ಅದೇ ಹೆಸರಲ್ಲಿ ಕೇಳುತ್ತಾನೆ, ಇವರೂ ಕೊಡುತ್ತಾರೆ.

ಹನಮಂತನ ಕಷ್ಟವೇ ಬೇರೆ. ಡ್ಯೂಟಿ ಮುಗಿಸಿ ಬಂದು ಹಗಲು ಮಲಗುವ ಮನುಷ್ಯ. ಹೆಂಡತಿ ಪಾತ್ರೆ ತಿಕ್ಕುತ್ತ, ನೀರು ಹಿಡಿಯುತ್ತ ಅದನ್ನೇ ಅನ್ನುತ್ತಿದ್ದರೆ ಬೆಚ್ಚಿಬಿದ್ದು ಏಳುತ್ತಿದ್ದ. ನಾಲ್ಕನೆಯ ದಿನ ಅವನೇ ನಿದ್ದೆಗಣ್ಣಲ್ಲಿ ಆ ಹೆಸರನ್ನು ಎಳ್ಳಷ್ಟೂ ತಪ್ಪಿಲ್ಲದೆ ಅಂದುಬಿಟ್ಟ. ತಿಪ್ಪವ್ವನಿಗೆ ಹೊಟ್ಟೆ ಉರಿದುಹೋಯಿತು. ಕೂಸಿನ ಸೋದರತ್ತೆ ನಾನು, ನಿನಗ್ಯಾಕ ಬಂತು ಅಂತ ಎಬ್ಬಿಸಿ ಕೂರಿಸಿ ಜಗಳ ತೆಗೆದಳು.

ಕಡೆಗೂ ಶುಕ್ರವಾರ ಮಧ್ಯಾಹ್ನ, ಇನ್ನೂರನೆಯದೋ ಮುನ್ನೂರನೆಯದೋ ರೊಟ್ಟಿಯ ಹೊತ್ತಿಗೆ, ನಾಲಿಗೆ ಹೊರಳಿತು. ಹ್ರಾಕ್ಷ್ವೀ. ಖಾನಾವಳಿಯಲ್ಲಿ ಕೂತವರು ತಟ್ಟೆ ಬಡಿದರು. ಶನಿವಾರ ಸಿದ್ದಗಂಗಮ್ಮ ಫೋನ್ ಮಾಡಿದಾಗ ಆಕೆ ಒಂದೇ ಉಸಿರಿಗೆ ಐದು ಸಲ ಹೇಳಿದಳು. ಆಯ್ತು, ನಾಳೆ ಹನ್ನೊಂದಕ್ಕೆ ಬಂದುಬಿಡಿ ಅಂತ ಸಿದ್ದಗಂಗಮ್ಮ ಒಪ್ಪಿಕೊಂಡಳು. ತಿಪ್ಪವ್ವ ಟ್ರಂಕಿನ ತಳದಲ್ಲಿದ್ದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹರವಿದಳು.

ಯಡಿಯೂರು ಕೆರೆಯ ಹತ್ತಿರದ ಸಣ್ಣ ಛತ್ರ. ಸುಮಾರು ನೂರು ಜನ. ತೊಟ್ಟಿಲಿನ ಹಿಂದೆ ಬಲೂನಿನ ಗೋಡೆ ಕಟ್ಟಿ, ಅದರ ಮೇಲೆ ಕೂಸಿನ ಹೆಸರನ್ನು ಚಿನ್ನದ ಬಣ್ಣದ ದೊಡ್ಡ ಅಕ್ಷರಗಳಲ್ಲಿ ಅಂಟಿಸಿ, ಮೇಲೊಂದು ಪರದೆ ಇಳಿಬಿಡಬೇಕೆಂದು ಹೇಳಿದ್ದರು. ಅಲಂಕಾರದವನು ಅಕ್ಷರ ಅಂಟಿಸಿದ, ಪರದೆ ಮರೆತ, ತಿಂಡಿಗೆ ಹೋದ. ಬಂದವರ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ತಲಘಟ್ಟಪುರದಿಂದ ಬಂದಿದ್ದ ದೊಡ್ಡಪ್ಪನೊಬ್ಬರು ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದರು.

ಪಕ್ಕದಲ್ಲಿ ನಿಂತಿದ್ದವನು ಲಿಖಿತಾಳ ತಮ್ಮ ಕೈಲಾಸ್. ಬನಶಂಕರಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವವನು, ಬಾಯಿ ಸುಮ್ಮನಿಡಲು ಬಾರದವನು. ಕೂಸು ಸೀನಿದರೆ ಹಿರಿಯರು ಹೇಳುವ ಹಾಗೆ, ದೊಡ್ಡಪ್ಪನ ತಲೆ ಸವರಿ, ನೂರು ವರ್ಷ ಅಂದುಬಿಟ್ಟ.

ಛತ್ರಕ್ಕೆ ಛತ್ರವೇ ಬಿದ್ದು ಬಿದ್ದು ನಕ್ಕಿತು. ಆಮೇಲೆ ಯಾರನ್ನು ತಡೆಯುವುದು? ಬಾಗಿಲಲ್ಲಿ ಕಾಲಿಟ್ಟ ಒಬ್ಬೊಬ್ಬರೂ ಆ ಹೆಸರು ಓದುವುದು, ಕೂತವರೆಲ್ಲ ಒಕ್ಕೊರಲಿನಿಂದ ನೂರು ವರ್ಷ ಅನ್ನುವುದು. ಅಡುಗೆ ಭಟ್ಟರು ಸೌಟು ಹಿಡಿದುಕೊಂಡು ಬಂದು ಓದಿ ಅನ್ನಿಸಿಕೊಂಡು ಹೋದರು. ವಿಡಿಯೋದವನಿಗೆ ನಗು ತಡೆಯದೆ ಕ್ಯಾಮರಾ ಕುಣಿಯಿತು. ಹುಬ್ಬಳ್ಳಿಯ ಪಾರವ್ವನಿಗೆ ಸಂಗತಿ ಅರ್ಥವಾಗಲಿಲ್ಲ, ಆದರೂ ಎಲ್ಲರಿಗಿಂತ ಜೋರಾಗಿ ಕೂಗಿದಳು. ಕೊನೆಗೆ ನಿಜವಾಗಿಯೇ ಯಾರಿಗೋ ಸೀನು ಬಂತು. ಹತ್ತು ಜನ ತಿರುಗಿ, ಕೂಸಿನ ಹೆಸರು ಕರೆದವರು ಯಾರು ಅಂತ ಕೇಳಿದರು.

ಒಳಗಿನ ಕೋಣೆಯಲ್ಲಿ ಕೂಸಿಗೆ ಅಂಗಿ ತೊಡಿಸುತ್ತಿದ್ದ ಲಿಖಿತಾಗೆ ಒಂದೊಂದೂ ಕೇಳುತ್ತಿತ್ತು. ಐದನೆಯದಕ್ಕೋ ಆರನೆಯದಕ್ಕೋ ಆಕೆ ಬಿಕ್ಕಿ ಅಳತೊಡಗಿದಳು. ಸಿದ್ದಗಂಗಮ್ಮ ಧಾವಿಸಿ ಬಂದಳು, ಹಿಂದೆ ಬಸವಂತ, ಅವನ ಹಿಂದೆ ತಿಪ್ಪವ್ವ. ಸಿದ್ದಗಂಗಮ್ಮ ಒಂದು ನಿಮಿಷವೂ ಯೋಚಿಸಲಿಲ್ಲ. ಈ ಹೆಸರು ಬೇಡ, ದಿವ್ಯಾ ಅಂತಿಡೋಣ, ಯಾರೂ ಆಡಿಕೊಳ್ಳಲ್ಲ, ಆ ಅಕ್ಷರಗಳ ಮೇಲೆ ನನ್ನ ರೇಷ್ಮೆ ಸೀರೆ ಇಳಿಬಿಡಿ ಅಂದಳು. ಬಸವಂತ ಫ್ಯಾನಿನ ಕಡೆ ನೋಡುತ್ತ ಆಗಲಿ ಅಂದ. ಗಂಡಸಾಗಿ ಆ ಹೊತ್ತಿಗೆ ಅವನಿಗೆ ಕಂಡದ್ದು ಫ್ಯಾನು. ಸಿದ್ದಗಂಗಮ್ಮ ತಿಪ್ಪವ್ವನ ಕೈ ಹಿಡಿದು, ಹನ್ನೆರಡೂ ಹತ್ತಕ್ಕೆ ಮುಹೂರ್ತ ಮುಗಿಯುತ್ತೆ, ಕಿವಿಯಲ್ಲಿ ದಿವ್ಯಾ ಅನ್ನಿ ಸಾಕು, ನಿಮಗೂ ಸುಲಭ ಅಂತ ಹೇಳಿ, ಅಳಿಯನನ್ನು ಕರೆದುಕೊಂಡು ಹೊರಗೆ ಹೋದಳು.

ಸುಲಭವೇನೋ ಹೌದು. ಬಾಗಿ ದಿವ್ಯಾ ಅಂದರೆ ಮುಗಿಯಿತು, ಐವತ್ತೆರಡು ವರ್ಷದ ತಿಪ್ಪವ್ವನ ಆಸೆ ತೀರಿತು. ಮಾತು ಮೀರಿದರೆ ಬೀಗರ ಮನೆಯ ಹೊಸ್ತಿಲಿಗೆ ಇನ್ನು ಆಕೆಯನ್ನು ಸೇರಿಸುತ್ತಾರೋ ಇಲ್ಲವೋ, ಈ ಕೂಸನ್ನು ಎತ್ತಿಕೊಳ್ಳಲು ಕೊಡುತ್ತಾರೋ ಇಲ್ಲವೋ. ಆಕೆ ಲಿಖಿತಾಳ ಪಕ್ಕ ಕೂತಳು.

"ಖರೇ ಹೇಳು ತಂಗಿ. ನಿನಗ ಆ ಹೆಸರು ಬೇಕೋ, ಬ್ಯಾಡೋ?"

"ಬೇಕು ಅಕ್ಕ. ನಾನೇ ಮಾಡಿದ ಹೆಸರು ಅದು. ಆದ್ರೆ ಎಲ್ಲಿ ಹೋದ್ರೂ ನಗ್ತಾರಲ್ಲ. ಇದಿನ್ನೂ ಕೂಸು, ಏನ್ ತಪ್ಪು ಮಾಡಿದೆ ಹೇಳಿ?"

ತಿಪ್ಪವ್ವ ಬೆಂಗಳೂರಿನಲ್ಲಿ ಯಾರಿಗೂ ಹೇಳದಿದ್ದ ಮಾತನ್ನು ಆಗ ಹೇಳಿದಳು.

"ನನಗಿಂತ ಮೊದಲ ನಮ್ಮವ್ವ ನಾಕು ಕೂಸು ಹಡದಿದ್ಲು. ನಾಕಕ್ಕೂ ಚೆಂದ ಚೆಂದ ಹೆಸರು ಇಟ್ಟಿದ್ರು. ಒಂದೂ ಉಳೀಲಿಲ್ಲ. ನಾ ಹುಟ್ಟಿದ ಕೂಡ್ಲೆ ನನ್ನ ತಿಪ್ಪಿ ಮ್ಯಾಲ ಮಲಗಿಸಿ, ಯಾರೋ ಒಗದು ಹೋದ ಕೂಸು ಅಂತ ಎತ್ಕೊಂಡು ಬಂದ್ಲು. ಇದು ಕಸ ಐತಿ, ಬ್ಯಾಡ ಅಂತ ಸಾವು ಬಿಟ್ಟು ಹೋಗ್ಲಿ ಅಂತ. ಮಂದಿ ನಕ್ರು, ಈಗ್ಲೂ ನಗ್ತಾರ. ನಾ ಉಳದೀನಿ ನೋಡು."

ಲಿಖಿತಾ ಅಳು ನಿಲ್ಲಿಸಿ ಆಕೆಯನ್ನೇ ನೋಡಿದಳು. ಕೂಸನ್ನು ಎತ್ತಿ ಆಕೆಯ ತೋಳಿಗೆ ಕೊಟ್ಟಳು.

ಹೊರಗೆ ಹಾಡು ಶುರುವಾಗಿತ್ತು. ಅಕ್ಷರಗಳ ಮೇಲೆ ಹಸಿರು ರೇಷ್ಮೆ ಸೀರೆ ಇಳಿಬಿದ್ದಿತ್ತು. ಬೆನ್ನಿಗೆ ಗುದ್ದುವ ಪದ್ಧತಿ ಯಡಿಯೂರಿನ ಕಡೆಯವರಿಗೆ ಇಲ್ಲ, ಆದರೆ ಪಾರವ್ವ ಆಗಲೇ ಎಲ್ಲರಿಗೂ ಕಲಿಸಿಕೊಟ್ಟಿದ್ದಳು. ನೆಂಟರನ್ನು ಕಾನೂನಿನ ಪ್ರಕಾರ ಗುದ್ದಬಹುದು ಎಂದು ಗೊತ್ತಾದ ಮೇಲೆ ಇಪ್ಪತ್ತು ಹೆಂಗಸರು ಬಳೆ ಹಿಂದೆ ಸರಿಸಿಕೊಂಡು ಸಾಲಾಗಿ ನಿಂತಿದ್ದರು. ತಿಪ್ಪವ್ವ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಬಾಗಿದಳು. ವಿಡಿಯೋದವನು ಮೈಕನ್ನು ಆಕೆಯ ಗಲ್ಲಕ್ಕೆ ತಂದಿಟ್ಟ. ಕುರ್ರ್ ಅಂದಳು, ಬೆನ್ನ ಮೇಲೆ ಗುದ್ದು ಬಿತ್ತು. ಇನ್ನೊಮ್ಮೆ ಅಂದಳು, ಇನ್ನಷ್ಟು ಬಿದ್ದವು. ಮೂರನೆಯದಕ್ಕೆ ಉಸಿರು ಕಟ್ಟಿತು. ಆ ಗುದ್ದುಗಳ ನಡುವೆ, ತೊದಲದೆ, ತಡವರಿಸದೆ ಆಕೆ ಹೇಳಿದಳು.

"ಹ್ರಾಕ್ಷ್ವೀ."

ಬೆಳಿಗ್ಗೆಯಿಂದ ಬಾಯಿಗೆ ರೂಢಿಯಾಗಿಬಿಟ್ಟಿತ್ತಲ್ಲ. ನೂರು ಜನ ಒಂದೇ ಗಂಟಲಲ್ಲಿ ನೂರು ವರ್ಷ ಅಂದರು. ಅಂದ ಮೇಲೆ ನಕ್ಕರು.

ಸಿದ್ದಗಂಗಮ್ಮನ ಮುಖ ಕೆಂಡವಾಯಿತು. ಹೆಂಗಸರನ್ನು ಸರಿಸಿಕೊಂಡು ತೊಟ್ಟಿಲ ಹತ್ತಿರ ಬಂದು, ಎಲ್ಲರ ಮುಂದೆ ಮರ್ಯಾದೆ ತೆಗೆದ್ರಲ್ಲ, ನಾನು ಏನು ಹೇಳಿದ್ದೆ, ನೀವು ಏನು ಮಾಡಿದ್ರಿ ಅಂತ ಹಲ್ಲು ಕಚ್ಚಿ ಕೇಳಿದಳು. ತಿಪ್ಪವ್ವ ಬಾಗಿದ್ದವಳು ನೆಟ್ಟಗಾಗಲಿಲ್ಲ. ತೊಟ್ಟಿಲ ಅಂಚು ಹಿಡಿದುಕೊಂಡೇ ತಲೆ ಎತ್ತಿದಳು.

"ಅಕ್ಕಾರ, ನಕ್ಕೋಂತನ ಆಗ್ಲಿ, ಅವರು ಕೂಸಿಗೆ ಏನಂದ್ರು ಕೇಳಿದ್ರಿಲ್ಲೋ? ಶಾಲ್ಯಾಗ ಮಾಸ್ತರು ಕರೀಲಿ, ಬ್ಯಾಂಕಿನ್ಯಾಗ ಕರೀಲಿ, ಕರದಾಗೊಮ್ಮೆ ಯಾರರೆ ಅದಕ್ಕ ನೂರು ವರ್ಷ ಅಂತಾರ. ನಮ್ಮವ್ವಗ ಇಂಥ ಹೆಸರು ಸಿಕ್ಕಿದ್ರ ತಿಪ್ಪಿ ಕಡೆ ಹೋಗ್ತಿದ್ದಿಲ್ಲ."

ಮೈಕ್ ಇನ್ನೂ ಗಲ್ಲದ ಹತ್ತಿರವೇ ಇತ್ತು, ಛತ್ರಕ್ಕೆಲ್ಲ ಕೇಳಿಸಿತು. ಕೈಲಾಸ್ ನೆಲ ನೋಡಿದ. ಎರಡು ಸಲ ಮಗಳನ್ನು ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಕರೆತಂದವಳು ಸಿದ್ದಗಂಗಮ್ಮನೇ. ಕೂಸು ತೊಟ್ಟಿಲಲ್ಲಿ ಕಾಲು ಝಾಡಿಸುತ್ತಿತ್ತು. ಸಿದ್ದಗಂಗಮ್ಮ ಬಾಗಿ ಅದರ ಅಂಗಿ ಸರಿಮಾಡಿದಳು. ಆಮೇಲೆ ಬಲಗೈ ಮುಷ್ಟಿ ಕಟ್ಟಿ ತಿಪ್ಪವ್ವನ ಬೆನ್ನಿಗೆ ತಾನೂ ಒಂದು ಗುದ್ದಿದಳು. ಮೆಲ್ಲಗಲ್ಲ, ಚೆನ್ನಾಗಿಯೇ ಗುದ್ದಿದಳು.

"ಇನ್ನೊಂದ್ಸಲ ಹೇಳಿ," ಅಂದಳು.

ತಿಪ್ಪವ್ವ ಮತ್ತೆ ಬಾಗಿ ಕೂಸಿನ ಹೆಸರು ಹೇಳಿದಳು. ಈ ಸಲ ಯಾರೂ ನಗಲಿಲ್ಲ. ನೂರು ವರ್ಷ ಅಂದವರಲ್ಲಿ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದ ಲಿಖಿತಾಳ ದನಿಯೂ ಇತ್ತು.